ವೈರಿಗೆ ಮನ್ನಿಸಿದ ಋಣ



ಮುಂಬಯಿಯಿಂದ ಉತ್ತರಾಭಿಮುಖವಾಗಿ ಹೊರಟ ರೈಲುಗಾಡಿ ಕಸಾರಾ ನಿಲ್ದಾಣದಲ್ಲಿ ತುಸು ನಿಂತು, ಹಿಂಬದಿಯಿಂದ ನೂಕತಕ್ಕ ಸಹಾಯಕ ಎಂಜಿನುಗಳನ್ನು ಜೋಡಿಸಿಕೊಂಡು, 37 ಅಡಿಗೆ 1 ಅಡಿಯಂತೆ ಏರುವ ಥಳ ಘಾಟನ್ನು ಸುರಂಗಗಳ ಮೂಲಕ ಹತ್ತಿ ಮುಗಿಸುವಲ್ಲಿ ಇಗತಪುರಿ ಎಂಬ ಊರಿದೆ. 1865ರಲ್ಲಿ ಘಾಟಿನ ರೈಲುಮಾರ್ಗ ತೆರೆದಂದಿನಿಂದ ಅದು ಎಂಜಿನು ನಡೆಸುವವರ, ಹಳಿ ಕಾಯುವವರ, ಗಾಡಿ ದುರಸ್ತಿ ಮಾಡುವವರ ಊರಾಗಿ ಬೆಳೆದದ್ದು. ಸಹ್ಯಾದ್ರಿಯ ನೆತ್ತಿಯ ಮೇಲಿರುವುದರಿಂದ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಅಲ್ಲಿ ಸುರಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ಎದುರುಮನೆಯ ಬಾಗಿಲು ಕಾಣದಷ್ಟು ಮಂಜು ಕವಿಯುತ್ತದೆ. ಈ ಊರಿನ ಹೆಸರು ಇಂದು ಪ್ರಪಂಚದ ಅನೇಕ ದೇಶಗಳಲ್ಲಿ ಪರಿಚಿತವಾಗಿರುವುದಕ್ಕೆ ಕಾರಣ ರೈಲಲ್ಲ. ಊರಿಗೆ ತಾಗಿದ ದಿಣ್ಣೆಯ ಮೇಲಿರುವ ಧಮ್ಮಗಿರಿ ಎಂಬ ವಿಪಶ್ಯನಾ ಕೇಂದ್ರ. ಬರ್ಮಾ ದೇಶದ ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿ, ವ್ಯಾಪಾರಿಯಾಗಿ ಬಾಳಿ, ಅಲ್ಲಿಯೇ ಸಯಾಜಿ ಊ ಬಾ ಖಿನ್ ಅವರಲ್ಲಿ ಧ್ಯಾನವನ್ನು ಕಲಿತು, 1969ರಲ್ಲಿ ಭಾರತಕ್ಕೆ ಬಂದ ಸತ್ಯನಾರಾಯಣ ಗೋಯೆಂಕಾ ಅವರು ಕಟ್ಟಿದ ಈ ಕೇಂದ್ರದಲ್ಲಿ 1976ರಿಂದಲೂ ಶಿಬಿರಗಳು ನಡೆಯುತ್ತಿವೆ.

ಅಲ್ಲಿಗೆ ಹೋದವರು ಬಲ್ಲರು: ಒಂಬತ್ತು ದಿನ ಮಾತಿಲ್ಲದೆ, ಓದಿಲ್ಲದೆ, ಪಕ್ಕದವನ ಮುಖ ನೋಡದೆ ಕುಳಿತ ಶಿಬಿರಾರ್ಥಿಗೆ ಹತ್ತನೆಯ ದಿನ ಬೆಳಗ್ಗೆ ಒಂದು ಹೊಸ ಪಾಠವನ್ನು ಹೇಳಿಕೊಡುತ್ತಾರೆ. ತನಗೆ ಕೇಡು ಮಾಡಿದವರನ್ನು ತಾನು ಕ್ಷಮಿಸಿದೆನೆಂದೂ, ತನ್ನಿಂದ ನೊಂದವರು ತನ್ನನ್ನು ಕ್ಷಮಿಸಲಿಯೆಂದೂ, ಸಕಲ ಜೀವಿಗಳೂ ಸುಖವಾಗಿರಲಿಯೆಂದೂ ಮನಸ್ಸಿನಲ್ಲಿ ತುಂಬಿಕೊಳ್ಳತಕ್ಕ ಮೈತ್ರೀಭಾವನೆಯ ಪಾಠವದು. ಆ ಪಾಠ ಮುಗಿದ ಮೇಲೆಯೇ ಮೌನ ಮುರಿಯುತ್ತದೆ. ಅಂದರೆ, ಮನುಷ್ಯನು ಮನುಷ್ಯನೊಡನೆ ಮತ್ತೆ ಮಾತನಾಡುವುದಕ್ಕೆ ಮುಂಚೆ ವೈರವನ್ನು ಕೆಳಗಿಳಿಸಿರಬೇಕು ಎಂಬ ವ್ಯವಸ್ಥೆಯನ್ನು ಶಿಬಿರದ ದಿನಚರಿಯಲ್ಲಿಯೇ ಹೊಂದಿಸಿಟ್ಟಿದ್ದಾರೆ. 1994ರಲ್ಲಿ ದಿಲ್ಲಿಯ ತಿಹಾರ್ ಕಾರಾಗೃಹದ ಸಾವಿರಕ್ಕೂ ಹೆಚ್ಚು ಬಂದಿಗಳಿಗೆ ಗೋಯೆಂಕಾ ಅವರು ಇದೇ ಪಾಠವನ್ನು ತಾವೇ ಹೋಗಿ ಹೇಳಿಕೊಟ್ಟರು. ಇದು ಬೌದ್ಧರ ಹಾದಿ. ನನಗೆ ಅದರಲ್ಲಿ ಅಪಾರವಾದ ಗೌರವವಿದೆ.

ಆದರೆ ಈ ಹೊತ್ತು ನಾನು ವಿಸ್ತರಿಸಬೇಕೆಂದಿರುವುದು ಅದೇ ಊರಿನ ರೈಲ್ವೆ ವಸಾಹತಿನಲ್ಲಿ ತಲೆಮಾರುಗಳಿಂದ ಬದುಕಿಬಂದ ಕ್ರೈಸ್ತ ಕುಟುಂಬಗಳು ಭಾನುವಾರದ ಪ್ರಾರ್ಥನೆಯಲ್ಲಿ ಸ್ಮರಿಸತಕ್ಕ ಇನ್ನೊಂದು ಹಾದಿಯನ್ನು. ಯೇಸುಕ್ರಿಸ್ತನು ಗಲಿಲಾಯದ ಬೆಟ್ಟವನ್ನೇರಿ ಕುಳಿತು ಜನಕ್ಕೆ ಬೋಧಿಸಿದಾಗ, ವೈರಿಗಳನ್ನು ಪ್ರೀತಿಸಬೇಕು, ಹಿಂಸಿಸುವವರ ಸಲುವಾಗಿ ಪ್ರಾರ್ಥಿಸಬೇಕು ಎಂದು ವಿಧಿಸಿ, ಅದಕ್ಕೆ ಕಾರಣವನ್ನು ಕೊಡುವಲ್ಲಿ ಆತನು ತರ್ಕಶಾಸ್ತ್ರಕ್ಕೆ ಹೋಗದೆ ಆಕಾಶವನ್ನು ತೋರಿಸಿದನು: ದೇವರ ಬಿಸಿಲು ಸಜ್ಜನರಿಗೂ ದುರ್ಜನರಿಗೂ ಒಂದೇ, ಆತನ ಮಳೆ ನೀತಿವಂತನ ಹೊಲಕ್ಕೂ ಅನೀತಿವಂತನ ಹೊಲಕ್ಕೂ ಒಂದೇ. ಪಾಲೆಸ್ತೀನದಂಥ ಒಣನಾಡಿನಲ್ಲಿ ಮಳೆಯೆಂದರೆ ಏನೆಂಬುದನ್ನು ಬಲ್ಲ ಜನಕ್ಕೆ ಆಡಿದ ಮಾತದು. ಸಹ್ಯಾದ್ರಿಯ ಮಳೆಯನ್ನು ಕಂಡವರಿಗೂ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿಸ್ತನ ಉಪದೇಶದಲ್ಲಿ ಕ್ಷಮೆಯ ಮಾತಿನ ಜೊತೆಗೆ ಹಲವೆಡೆ ಲೇವಾದೇವಿಯ ಮಾತೂ ಬರುತ್ತದೆ ಎಂಬುದನ್ನು ಸುವಾರ್ತೆಗಳನ್ನು ಓದಿದವರು ಗಮನಿಸಿರಬಹುದು. ಶಿಷ್ಯನಾದ ಪೇತ್ರನು ಬಂದು, ತಪ್ಪುಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಲದೆ ಎಂದು ಕೇಳಿದಾಗ, ಏಳೆಪ್ಪತ್ತು ಸಲವೆಂದು ಉತ್ತರಿಸಿದ ಗುರುವು ಬೆನ್ನಿಗೇ ಒಂದು ಕಥೆಯನ್ನು ಹೇಳಿದನು. ಒಬ್ಬ ಅರಸನಿಗೆ ಅವನ ಸೇವಕನೊಬ್ಬನು 10,000 ತಲಾಂತುಗಳ ಸಾಲವನ್ನು ತೀರಿಸಬೇಕಾಗಿತ್ತು. ತೀರಿಸಲಾರದೆ ಕಾಲಿಗೆ ಬಿದ್ದಾಗ ಅರಸನು ಕನಿಕರಪಟ್ಟು ಅಷ್ಟನ್ನೂ ಮನ್ನಾ ಮಾಡಿದನು. ಅರಮನೆಯಿಂದ ಹೊರಬಿದ್ದ ಸೇವಕನು ತನಗೆ 100 ದೀನಾರಿಗಳನ್ನು ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದು, ಅವನನ್ನು ಸೆರೆಗೆ ತಳ್ಳಿಸಿದನು. ಅಂದಿನ ಲೆಕ್ಕದಲ್ಲಿ ಒಂದು ದೀನಾರಿಯೆಂದರೆ ಕೂಲಿಯವನ ಒಂದು ದಿನದ ದುಡಿಮೆ. ಒಂದು ತಲಾಂತು ಸುಮಾರು 6000 ದೀನಾರಿ. ಹಾಗಾದರೆ ಮನ್ನಾ ಆದದ್ದು 6 ಕೋಟಿ ದಿನಗಳ ಕೂಲಿ. ಕುತ್ತಿಗೆ ಹಿಡಿದದ್ದು 100 ದಿನಗಳ ಕೂಲಿಗಾಗಿ. ಈ ಅಂಕಿಗಳನ್ನು ಕೇಳಿದ ಗಲಿಲಾಯದ ಬೆಸ್ತರೂ ಬೇಸಾಯಗಾರರೂ ಬೆಚ್ಚಿರಬೇಕು. ಕ್ರೈಸ್ತರು ದಿನವೂ ಹೇಳತಕ್ಕ ಪ್ರಾರ್ಥನೆಯಲ್ಲಿಯೂ, ಮತ್ತಾಯನು ಬರೆದಿಟ್ಟ ಪಾಠದಂತೆ, ನಾವು ಬಿಟ್ಟಂತೆ ನಮ್ಮದನ್ನೂ ಬಿಡು ಎಂದು ಬೇಡುವುದು ಸಾಲದ ವಿಷಯವನ್ನೇ.

ಇದರಿಂದ ನನಗೆ ತಿಳಿದುಬಂದದ್ದು ಇಷ್ಟು. ಕ್ಷಮೆಯೆಂಬುದು ಎದೆಯೊಳಗೆ ಹುಟ್ಟಿ ಎದೆಯೊಳಗೇ ಆರಿಹೋಗುವ ಒಂದು ಮೃದುಭಾವವಲ್ಲ. ಬರಬೇಕಾದದ್ದನ್ನು ಬರಬೇಕಾದವನೇ ಬಿಟ್ಟುಬಿಡುವ ಕ್ರಿಯೆಯದು. ಸಾಲವನ್ನು ಮನ್ನಾ ಮಾಡಿದ ಮಾತ್ರಕ್ಕೆ ಹಣ ಎಲ್ಲಿಂದಲೋ ಉದುರಿ ಬರುವುದಿಲ್ಲ. ಕೊಟ್ಟವನ ಗಂಟಿನಲ್ಲಿ ಅಷ್ಟು ಕಡಿಮೆಯಾಗುತ್ತದೆ. ಹಾಗೆಯೇ ಕ್ಷಮಿಸಿದವನು ನಷ್ಟವನ್ನು ತಾನೇ ಹೊರುತ್ತಾನೆ. ಕಳೆದುಕೊಂಡದ್ದು ಕಳೆದೇಹೋಗುತ್ತದೆ, ಅದರ ಬೆಲೆಯನ್ನು ವೈರಿಯಿಂದ ವಸೂಲು ಮಾಡುವ ಹಕ್ಕೂ ಹೋಗುತ್ತದೆ. ವೈರಿಯು ಪಶ್ಚಾತ್ತಾಪಪಟ್ಟ ಮೇಲೆ ಕ್ಷಮಿಸುವುದು ಸಜ್ಜನರೆಲ್ಲರೂ ಒಪ್ಪುವ ಮರ್ಯಾದೆ. ಆದರೆ ತನ್ನ ಕೈಕಾಲುಗಳಿಗೆ ಮೊಳೆ ಬಡಿಯುತ್ತಿದ್ದವರು ಇನ್ನೂ ಸುತ್ತಿಗೆಯನ್ನು ಕೆಳಗಿಡದಿರುವಾಗಲೇ ಅವರ ಪರವಾಗಿ ತಂದೆಯಲ್ಲಿ ಬೇಡಿದವನನ್ನು ಗುರುವೆಂದು ಒಪ್ಪಿದವರಿಗೆ ಅಷ್ಟಕ್ಕೆ ನಿಲ್ಲುವ ಅವಕಾಶವಿಲ್ಲ. ಕಲ್ಲೇಟು ತಿನ್ನುತ್ತ ಸತ್ತ ಸ್ತೆಫನನು ಮೊದಲ್ಗೊಂಡು ಆ ಮತದ ಹುತಾತ್ಮರ ಪರಂಪರೆ ಇದೇ ಕಠಿನವಾದ ದಾರಿಯಲ್ಲಿ ನಡೆದದ್ದು.

ಈ ಮಾತು ಪರದೇಶದ್ದು, ನಮ್ಮ ಮಣ್ಣಿನದಲ್ಲ ಎಂದು ಯಾರಾದರೂ ಅಂದುಕೊಂಡರೆ ಅವರು ಇಗತಪುರಿಯಿಂದ ಪೂರ್ವಕ್ಕೆ ಪ್ರಯಾಣಮಾಡಿ, ಛತ್ರಪತಿ ಸಂಭಾಜಿನಗರದ ಸಮೀಪದ ಎಲ್ಲೋರದ ಗುಹೆಗಳ ಉತ್ತರದ ತುದಿಗೆ ಹೋಗಬೇಕು. ಕೈಲಾಸವನ್ನು ಕಡೆಯಿಸಿದವರು ರಾಷ್ಟ್ರಕೂಟರು, ನಮ್ಮ ಕನ್ನಡನಾಡಿನ ಅರಸರು, ಎಂಬುದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ; ಯಾತ್ರಿಕರು ಅದನ್ನು ನೋಡಿ ದಣಿದು ಹಿಂದಿರುಗುವುದರಿಂದ ಇಂದ್ರಸಭೆಯೆಂಬ ಜೈನ ಗುಹೆಯ ಗೋಡೆಗಳ ಮುಂದೆ ಜನಸಂದಣಿ ಕಡಿಮೆ. ಅಲ್ಲಿ ತೀರ್ಥಂಕರನಾದ ಪಾರ್ಶ್ವನಾಥನು ಕಾಯೋತ್ಸರ್ಗದಲ್ಲಿ ನೆಟ್ಟಗೆ ನಿಂತಿದ್ದಾನೆ. ಜನ್ಮಜನ್ಮಾಂತರಗಳ ವೈರಿಯಾದ ಕಮಠನು ತನ್ನ ಪರಿವಾರದೊಡನೆ ಅವನ ಮೇಲೆ ಎರಗಿದ್ದಾನೆ. ಒಬ್ಬನು ಕೋಣದ ಮೇಲೆ, ಒಬ್ಬನು ಸಿಂಹದ ಮೇಲೆ, ಮತ್ತೊಬ್ಬನು ಬಂಡೆಯನ್ನೆತ್ತಿ. ನಾಗರಾಜ ಧರಣೇಂದ್ರನ ಹೆಡೆಗಳು ತಲೆಯ ಮೇಲೆ ಅರಳಿವೆ, ಯಕ್ಷಿ ಪದ್ಮಾವತಿಯು ಕೊಡೆಯನ್ನು ಹಿಡಿದಿದ್ದಾಳೆ. ಈ ಗದ್ದಲದ ನಟ್ಟನಡುವೆ ಪಾರ್ಶ್ವನ ಮುಖದಲ್ಲಿ ಕೋಪವೂ ಇಲ್ಲ, ಭಯವೂ ಇಲ್ಲ. ತೋಳುಗಳು ಮೊಳಕಾಲಿನವರೆಗೆ ಸುಮ್ಮನೆ ಇಳಿಬಿದ್ದಿವೆ. ಕೆಳಗೆ, ಪಾದದ ಬಳಿಯಲ್ಲಿ, ಅದೇ ಕಮಠನು ಸೋತು ಮಂಡಿಯೂರಿದ್ದಾನೆ. ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಈ ವೃತ್ತಾಂತವನ್ನೇ ‘ಪಾರ್ಶ್ವಾಭ್ಯುದಯ’ವೆಂಬ ಸಂಸ್ಕೃತಕಾವ್ಯವಾಗಿ ಬರೆದರು. ವೈರವನ್ನು ವೈರದಿಂದ ತೀರಿಸಲಾಗದೆಂಬ ಅರಿವು ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಕಲ್ಲಿನಲ್ಲಿ ಕೊರೆದಾಗಿತ್ತು.

ಆದಾಗ್ಯೂ ಒಂದು ಭೇದವನ್ನು ಮುಚ್ಚಿಡದೆ ಹೇಳಬೇಕು. ಪಾರ್ಶ್ವನು ಅಲುಗದೆ ನಿಂತನು. ವೈರವು ಅವನನ್ನು ಮುಟ್ಟಲಾರದೆ ಹೋಯಿತು. ಧ್ಯಾನಿಯು ಕುಳಿತಲ್ಲಿಂದಲೇ ವೈರಿಗೆ ಮಂಗಳವನ್ನು ಕೋರುತ್ತಾನೆ. ಕ್ರಿಸ್ತನ ಅನುಯಾಯಿಯಾದರೋ ಎದ್ದು, ಊರೂರು ದಾಟಿ, ವೈರಿಯಿರುವ ಸ್ಥಳವನ್ನು ಹುಡುಕಿಕೊಂಡು ಹೋಗಬೇಕು. ಅವನು ಹಸಿದಿದ್ದರೆ ಉಣಬಡಿಸಬೇಕೆಂದು ಪೌಲನು ರೋಮಾಪುರದವರಿಗೆ ಬರೆದನು. ಒಂದು ಹೆಚ್ಚು ಮತ್ತೊಂದು ಕಡಿಮೆಯೆಂದು ತೂಗುವುದಕ್ಕೆ ನಾನು ಈ ಮಾತನ್ನು ಹೇಳುತ್ತಿಲ್ಲ. ಸಮಚಿತ್ತವಿಲ್ಲದವನು ವೈರಿಯ ಬಾಗಿಲಿಗೆ ಹೋದರೆ ಜಗಳವೇ ಆದೀತು. ಆದರೆ ಆ ಬಾಗಿಲಿನವರೆಗೆ ನಡೆಯಬೇಕೆಂಬ ಒತ್ತಾಯವು ಕ್ರಿಸ್ತನ ಬೋಧನೆಯಲ್ಲಿ ವಿಶೇಷವಾಗಿ ಪ್ರಬಲವಾಗಿದೆ.

ನಾಸಿಕದ ಪ್ರದೇಶಕ್ಕೆ ಈ ಬೋಧನೆಯ ಸೆಳೆತ ಗೊತ್ತಿಲ್ಲದ್ದಲ್ಲ. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡು ನಾಸಿಕಕ್ಕೆ ಬಂದು ಸಂಸ್ಕೃತವನ್ನು ಓದಿದ ನಾರಾಯಣ ವಾಮನ ಟಿಳಕರು ಮುಂದೆ ಮರಾಠಿಯ ದೊಡ್ಡ ಕವಿಗಳಾದರು. 1893ರಲ್ಲಿ ರಾಜನಾಂದಗಾಂವಿಗೆ ಹೋಗುವ ರೈಲಿನಲ್ಲಿ ಅಪರಿಚಿತ ಐರೋಪ್ಯನೊಬ್ಬನು ಕೈಯಲ್ಲಿಟ್ಟ ಹೊಸ ಒಡಂಬಡಿಕೆಯ ಪುಸ್ತಕವನ್ನು ಅವರು ಓದತೊಡಗಿ, ಮತ್ತಾಯನ ಪರ್ವತಪ್ರಸಂಗಕ್ಕೆ ಬಂದಾಗ ಅಲ್ಲಿಂದ ಮುಂದೆ ಸರಿಯಲಾರದೆ ನಿಂತುಬಿಟ್ಟರು. 1895ರಲ್ಲಿ ದೀಕ್ಷಾಸ್ನಾನವನ್ನು ಪಡೆದರು. ನಾಸಿಕದ ಬಳಿಯ ಜಲಾಲಪುರದ ಮಗಳಾದ ಅವರ ಪತ್ನಿ ಲಕ್ಷ್ಮೀಬಾಯಿ ಆ ಆಘಾತದಿಂದ ಕೆಲವು ವರ್ಷ ಬೇರೆಯಾಗಿಯೇ ಉಳಿದು, ಅನಂತರ ಗಂಡನ ಮನೆಗೆ ಮರಳಿ, ಮಡಿಮೈಲಿಗೆಗಳ ಬೇಲಿಯನ್ನು ತನ್ನ ವಿವೇಕದಿಂದಲೇ ದಾಟಿದ ಕಥೆಯನ್ನು ‘ಸ್ಮೃತಿಚಿತ್ರೆ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ತನ್ನನ್ನು ಅಷ್ಟು ನೋಯಿಸಿದ ಗಂಡನ ವಿಷಯದಲ್ಲಿ ಆ ಪುಸ್ತಕದಲ್ಲಿ ಎಲ್ಲಿಯೂ ವಿಷವಿಲ್ಲ. ಅದನ್ನು ಓದದ ಕನ್ನಡಿಗರು ಓದಬೇಕು.

ಈಗ ಮುಖ್ಯವಾದ ವೃತ್ತಾಂತಕ್ಕೆ ಬರುತ್ತೇನೆ. ಇಗತಪುರಿಯನ್ನು ಸವರಿಕೊಂಡು ಹೋಗುವ ಮುಂಬಯಿ–ಆಗ್ರಾ ಹೆದ್ದಾರಿಯು ನಾಸಿಕ, ಮಾಲೆಗಾಂವ, ಧುಳೆಗಳನ್ನು ದಾಟಿ, ನರ್ಮದೆಯನ್ನು ಹಾಯ್ದು, ಮಾಳವದ ಇಂದೋರನ್ನು ಸೇರುತ್ತದೆ. ಇಂದೋರಿನಿಂದ ಒಳಕ್ಕೆ, ದೇವಾಸ ಜಿಲ್ಲೆಯಲ್ಲಿ, ಉದಯನಗರವೆಂಬ ಸಣ್ಣ ಊರು. ಸುತ್ತಲೂ ಆದಿವಾಸಿಗಳ ಹಳ್ಳಿಗಳು. ಕೇರಳದ ಪೆರುಂಬಾವೂರಿನ ಬಳಿಯ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದ ಮರಿಯಂ ವಟ್ಟಾಲಿಲ್, ಕ್ಲಾರಾ ಸಂಪ್ರದಾಯದ ಫ್ರಾನ್ಸಿಸ್ಕನ್ ಸಂನ್ಯಾಸಿನಿಯಾಗಿ ರಾಣಿ ಮರಿಯಾ ಎಂಬ ಹೆಸರನ್ನು ಧರಿಸಿ, ಉತ್ತರ ಭಾರತದ ಬೇರೆ ಕಡೆಗಳಲ್ಲಿ ಸೇವೆ ಮಾಡಿ, 1992ರಲ್ಲಿ ಉದಯನಗರಕ್ಕೆ ಬಂದರು. ಅಲ್ಲಿಯ ಬೇಸಾಯಗಾರರ ಕೊರಳಿಗೆ ಬಿಗಿದಿದ್ದ ನೇಣು ಸಾಲ. ಬಿತ್ತನೆಗೆ ಸಾಲ, ಮದುವೆಗೆ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿಗೆ ಬೆಳೆ, ಬೆಳೆ ಹೋದ ಮೇಲೆ ಹೊಲ. ರಾಣಿ ಮರಿಯಾ ಆ ಜನಕ್ಕೆ ಅಕ್ಷರವನ್ನು ಕಲಿಸಿದರು, ಕೂಡಿಸಿ ಸಂಘ ಕಟ್ಟಿದರು, ಸರಕಾರದ ಯೋಜನೆಗಳ ಕಾಗದಪತ್ರಗಳನ್ನು ತುಂಬಿಸಿ ಬ್ಯಾಂಕಿನ ಬಾಗಿಲಿಗೆ ಕರೆದೊಯ್ದರು. ಬ್ಯಾಂಕಿನಿಂದ ನ್ಯಾಯವಾದ ಬಡ್ಡಿಗೆ ಹಣ ದೊರೆಯತೊಡಗಿದ ಮೇಲೆ ಬಡ್ಡಿವ್ಯಾಪಾರದ ಧನಿಕರ ಅಂಗಳಕ್ಕೆ ಬರುವವರು ಕಡಿಮೆಯಾದರು. ಅಲ್ಲಿಂದ ಬೆದರಿಕೆಗಳು ಶುರುವಾದವು.

1995ರ ಫೆಬ್ರವರಿ 25ರ ಬೆಳಗ್ಗೆ ಅವರು ಇಂದೋರಿಗೆ ಹೊರಟ ಬಸ್ಸನ್ನು ಹತ್ತಿದರು. ಅದೇ ಬಸ್ಸಿನಲ್ಲಿ ಸಮಂದರ ಸಿಂಗ್ ಎಂಬ ತರುಣನಿದ್ದನು. ನಾಚನ್‌ಬೋರ್ ಎಂಬ ಗುಡ್ಡದ ದಾರಿಯಲ್ಲಿ ಅವನು ಎದ್ದು, ಚೂರಿ ತೆಗೆದು ಇರಿಯಲಾರಂಭಿಸಿದನು. ಬಸ್ಸಿನಿಂದ ಕೆಳಗೆಳೆದು ಮತ್ತೂ ಇರಿದನು. ದೇಹದ ಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. ಬಸ್ಸಿನ ತುಂಬ ಜನರಿದ್ದರು. ತಡೆಯುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಅವರ ಬಾಯಿಂದ ಕಡೆಯ ತನಕ ಹೊರಟದ್ದು ಯೇಸುವಿನ ನಾಮವೆಂದು ಕಂಡವರು ಹೇಳಿದರು. ಅವರಿಗೆ ಆಗ 41 ವರ್ಷ.

ಸಮಂದರನಿಗೆ ಜೀವಾವಧಿ ಶಿಕ್ಷೆಯಾಯಿತು. ತಾನು ಇತರರ ಪ್ರಚೋದನೆಯಿಂದ ಈ ಕೃತ್ಯವನ್ನು ಮಾಡಿದೆನೆಂದು ಅವನು ಮುಂದೆ ತಾನೇ ಹೇಳಿಕೊಂಡನು. ಅವನು ಸೆರೆಯಲ್ಲಿರುವಾಗ ಹೆಂಡತಿ ಬಿಟ್ಟುಹೋದಳು, ಮಗು ಸತ್ತುಹೋಯಿತು. ಬಿಡುಗಡೆಯಾದ ದಿನವೇ ತನ್ನನ್ನು ಈ ಗತಿಗೆ ತಂದವರನ್ನು ಕೊಂದುಹಾಕುವುದೊಂದೇ ಅವನಿಗಿದ್ದ ಸಂಕಲ್ಪ. ಇಂಥವನ ಬಳಿಗೆ ಸ್ವಾಮಿ ಸದಾನಂದರೆಂಬ ಕ್ರೈಸ್ತ ಸಂನ್ಯಾಸಿಗಳು ಮತ್ತೆ ಮತ್ತೆ ಹೋಗಿ ಕುಳಿತುಕೊಳ್ಳತೊಡಗಿದರು. ಮೊದಮೊದಲು ಅವನು ಮುಖ ತಿರುಗಿಸಿದನು. ಬರಬರುತ್ತ ಮಾತಿಗೆ ಒಗ್ಗಿದನು. ನೀನು ಕೊಂದವಳ ಮನೆಯವರು ನಿನ್ನನ್ನು ಕ್ಷಮಿಸಿದ್ದಾರೆಂದು ಅವರು ಹೇಳಿದರೆ ಅವನಿಗೆ ನಂಬಿಕೆ ಬರಲಿಲ್ಲ, ಯಾರಿಗೆ ಬಂದೀತು?

ರಾಣಿ ಮರಿಯಾ ಅವರಿಗೆ ಸೆಲ್ಮಿ ಪೌಲ್ ಎಂಬ ತಂಗಿಯಿದ್ದರು, ಅದೇ ಮಠದ ಸಂನ್ಯಾಸಿನಿ. 2002ರ ಆಗಸ್ಟಿನಲ್ಲಿ ರಾಖಿಹುಣ್ಣಿಮೆಗೆ ಹೊಂದಿಕೊಂಡು ಸೆಲ್ಮಿ ಇಂದೋರಿನ ಕಾರಾಗೃಹಕ್ಕೆ ಹೋದರು. ಶ್ರೋತೃಗಳೆ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ರಾಖಿಯೆಂಬುದು ಕೇರಳದ ಸಿರಿಯನ್ ಕ್ರೈಸ್ತರ ಮನೆಯ ಆಚಾರವಲ್ಲ. ಅದು ಸಮಂದರನ ಮನೆಯ ಆಚಾರ, ಮಾಳವದ ಹಳ್ಳಿಯ ಹುಡುಗನಿಗೆ ಕಣ್ಣುಮುಚ್ಚಿದರೂ ಅರ್ಥವಾಗುವಂಥದ್ದು. ಕ್ಷಮಿಸಿದ್ದೇನೆಂದು ನೂರು ಸಲ ಬಾಯಲ್ಲಿ ಹೇಳಿದ್ದರೆ ಅವನು ಅನುಮಾನಿಸಬಹುದಾಗಿತ್ತು. ಅಕ್ಕನನ್ನು ಇರಿದ ಆ ಕೈಯ ಮಣಿಕಟ್ಟಿಗೆ ತಂಗಿಯು ದಾರವನ್ನು ಕಟ್ಟಿದಾಗ, ತಾನಿನ್ನು ಆ ಮನೆಯ ಮಗನೆಂಬುದನ್ನು ಅವನು ಯಾರ ವಿವರಣೆಯೂ ಬೇಡದೆ ತಿಳಿದನು. ಅವರ ಮುಂದೆ ಅತ್ತು ಕ್ಷಮೆ ಬೇಡಿದನು. ಮರುವರ್ಷ ವೃದ್ಧಮಾತೆ ಎಲೀಶ್ವಾ ಅಷ್ಟು ದೂರದ ಕೇರಳದಿಂದ ಬಂದರು. ಆಕೆ ಸೆರೆಮನೆಯಲ್ಲಿ ಅವನ ಎರಡು ಕೈಗಳನ್ನೂ ಹಿಡಿದು ಮುತ್ತಿಟ್ಟರು; ತನ್ನ ಮಗಳ ರಕ್ತವನ್ನು ಮುಟ್ಟಿದ ಕೈಗಳವು ಎಂಬ ಕಾರಣಕ್ಕೆ. ಹೆತ್ತ ತಾಯಿಯ ಈ ಕೃತ್ಯಕ್ಕೆ ವ್ಯಾಖ್ಯಾನ ಬರೆಯುವ ಯೋಗ್ಯತೆ ನನಗಿಲ್ಲ.

ಅಲ್ಲಿಗೂ ಅವರು ನಿಲ್ಲಿಸಲಿಲ್ಲ. ಅವನನ್ನು ಬಿಡುಗಡೆ ಮಾಡಬೇಕೆಂದು ಕುಟುಂಬದವರೂ ಮಠದವರೂ ರಾಜ್ಯಪಾಲರಿಗೆ ಮನವಿ ಸಲ್ಲಿಸಿದರು. ಕೊಲೆಯಾದವಳ ಮನೆಯವರೇ ಸಹಿ ಹಾಕಿದ ಅರ್ಜಿಯ ಮೇಲೆ 2006ರಲ್ಲಿ ಅವನು ಹೊರಬಂದನು. ಮುಂದಿನ ವರ್ಷ ಪುಲ್ಲುವಳಿಗೆ ಹೋಗಿ, ಹಾಸಿಗೆ ಹಿಡಿದಿದ್ದ ತಂದೆ ಪೈಲಿಯವರ ಮುಂದೆ ಕ್ಷಮೆ ಬೇಡಿದನು. ಕೊಲ್ಲಬೇಕೆಂದಿದ್ದವರನ್ನು ಅವನು ಕೊಲ್ಲಲಿಲ್ಲ. ತನ್ನೂರಿಗೆ ಹಿಂದಿರುಗಿ ಹೊಲ ಉತ್ತನು. ಬೆಳೆದ ಪೈರಿನ ಮೊದಲ ಪಾಲನ್ನು ಉದಯನಗರದಲ್ಲಿರುವ ರಾಣಿ ಮರಿಯಾ ಅವರ ಸಮಾಧಿಗೆ ತಂದೊಪ್ಪಿಸುವ ಪರಿಪಾಠವನ್ನಿಟ್ಟುಕೊಂಡನು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಕಥೋಲಿಕ ಧರ್ಮಸಭೆಯು ಧನ್ಯರ ಸಾಲಿಗೆ ಸೇರಿಸಿತು.

ಸಾಲಕ್ಕಾಗಿ ಆರಂಭವಾದ ವೈರವಿದು, ಸಾಲವನ್ನು ಬಿಟ್ಟುಕೊಟ್ಟದ್ದರಲ್ಲಿ ಮುಗಿಯಿತು. ಬಡ್ಡಿಯವರ ಕೈಯಿಂದ ಬಡವರನ್ನು ಬಿಡಿಸಹೋದವಳ ಕೊಲೆಗೆ ಅವಳ ಮನೆಯವರು ಬಡ್ಡಿಯನ್ನೂ ಕೇಳಲಿಲ್ಲ, ಅಸಲನ್ನೂ ಕೇಳಲಿಲ್ಲ. ಅವರು ಬಿಟ್ಟದ್ದರಿಂದ ಉಳಿದದ್ದು ಸಮಂದರನ ಪ್ರಾಣವೊಂದೇ ಅಲ್ಲ. ಅವನು ಕೊಲ್ಲಬೇಕೆಂದು ನಿಶ್ಚಯಿಸಿದ್ದವರ ಪ್ರಾಣಗಳೂ ಉಳಿದುವು. ಆ ಪೈಕಿ ಒಬ್ಬರೂ ವಟ್ಟಾಲಿಲ್ ಮನೆತನಕ್ಕೆ ಏನನ್ನೂ ಕೊಟ್ಟವರಲ್ಲ.

ಇಷ್ಟನ್ನು ಕೇಳಿದ ಮೇಲೆ ವಿವೇಕಿಗಳಾದ ಕೆಲವರು ಆಕ್ಷೇಪಿಸುವುದುಂಟು: ಹೀಗೆ ಎಲ್ಲರನ್ನೂ ಕ್ಷಮಿಸುತ್ತ ಹೋದರೆ ನ್ಯಾಯಾಲಯಗಳೇಕೆ, ದುಷ್ಟರಿಗೆ ಭಯವೆಲ್ಲಿ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಕೂಡದು. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿ ತೊಡಗಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಅವರನ್ನೂ, 10 ಮತ್ತು 6 ವರ್ಷಗಳ ಅವರ ಇಬ್ಬರು ಗಂಡುಮಕ್ಕಳನ್ನೂ, ಮಲಗಿದ್ದ ಜೀಪಿನೊಡನೆ ಸುಟ್ಟುಹಾಕಿದರು. ಪತ್ನಿ ಗ್ಲಾಡಿಸ್, ಕೊಂದವರನ್ನು ತಾನು ಕ್ಷಮಿಸಿರುವುದಾಗಿ ಲೋಕಕ್ಕೆ ತಿಳಿಸಿದರು. ಬಾರಿಪದದ ಕುಷ್ಠಾಶ್ರಮವನ್ನು ಬಿಟ್ಟು ಓಡದೆ ಮುಂದೆಯೂ ವರ್ಷಗಟ್ಟಲೆ ಅಲ್ಲಿಯೇ ನಿಂತು ದುಡಿದರು. 2005ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತಿತು. ಆದರೆ ಅದೇ ಗ್ಲಾಡಿಸ್, ತನ್ನ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ವಿಧಿಸತಕ್ಕ ಫಲ ಬೇರೆ, ಎರಡನ್ನೂ ಕಲಸಬಾರದೆಂದು ಸ್ಪಷ್ಟವಾಗಿ ಹೇಳಿದರು. ನ್ಯಾಯಾಲಯವು ತನ್ನ ದಾರಿಯಲ್ಲಿ ನಡೆಯಿತು. ಪ್ರಧಾನ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ನನ್ನ ದೃಷ್ಟಿಯಲ್ಲಿ ಗ್ಲಾಡಿಸರ ಈ ವಿವೇಚನೆ ಆ ಕ್ಷಮೆಯಷ್ಟೇ ಅಮೂಲ್ಯವಾದುದು. ಪ್ರಭುತ್ವವು ಕಾಯಬೇಕಾದದ್ದು ಎಲ್ಲರ ಹಿತವನ್ನು. ತನಗಾದ ನಷ್ಟವನ್ನು ಬಿಡುವ ಅಧಿಕಾರ ನೊಂದವನಿಗಿದೆಯೇ ಹೊರತು ಊರಿನ ರಕ್ಷಣೆಯನ್ನು ಬಿಟ್ಟುಕೊಡುವ ಅಧಿಕಾರ ಅವನಿಗಿಲ್ಲ.

ಇದರ ಜೊತೆಗೇ ಮತ್ತೊಂದು ಎಚ್ಚರವೂ ಬೇಕು. ಋಣವನ್ನು ಬಿಡುವ ಹಕ್ಕು ಋಣ ಬರಬೇಕಾದವನದು ಮಾತ್ರ. ದಾರಿಯಲ್ಲಿ ಹೋಗುವವನು ಮತ್ತೊಬ್ಬನ ಸಾಲಪತ್ರವನ್ನು ಹರಿದುಹಾಕಿ ಉದಾರಿಯೆನಿಸಿಕೊಳ್ಳಲಾಗದು. ಗಂಡನ ಹೊಡೆತವನ್ನು ದಿನವೂ ತಿನ್ನುವ ಹೆಂಗಸಿಗೆ, ಧಣಿಯ ದಬ್ಬಾಳಿಕೆಗೆ ಸಿಕ್ಕಿದ ಆಳಿಗೆ, ಊರ ಬಾವಿಯ ನೀರನ್ನು ನಿರಾಕರಿಸಲ್ಪಟ್ಟ ಕೇರಿಯವರಿಗೆ, ಕ್ಷಮಿಸಿ ಸುಮ್ಮನಿರಿ ಎಂದು ಸುಖವಾಗಿ ಕುಳಿತವರು ಬೋಧಿಸುವುದು ಧರ್ಮವಲ್ಲ, ಧರ್ಮದ ವೇಷದ ಕ್ರೌರ್ಯ. ರಾಣಿ ಮರಿಯಾ ಉದಯನಗರದ ಬೇಸಾಯಗಾರರಿಗೆ ಬಡ್ಡಿಯವರನ್ನು ಕ್ಷಮಿಸಿರೆಂದು ಹೇಳಿ ಮಠಕ್ಕೆ ಹಿಂದಿರುಗಲಿಲ್ಲ. ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು.

ಕ್ರೈಸ್ತರೆನಿಸಿಕೊಂಡವರೆಲ್ಲರೂ ಈ ಬೋಧನೆಯಂತೆ ನಡೆದರೆ? ಇಲ್ಲ. ಗೋವೆಯಲ್ಲಿ 1560ರಿಂದ ಎರಡೂವರೆ ಶತಮಾನಗಳಷ್ಟು ಕಾಲ ಮತೀಯ ವಿಚಾರಣಾ ನ್ಯಾಯಾಲಯವನ್ನು ನಡೆಸಿದವರು ಕ್ರಿಸ್ತನ ಹೆಸರಿನಲ್ಲಿಯೇ ನಡೆಸಿದರು. ಪೋರ್ಚುಗೀಸರ ಆ ದಿನಗಳಲ್ಲಿ ದೇವರ ಮೂರ್ತಿಗಳನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಕನ್ನಡ ಕರಾವಳಿಗೆ ಇಳಿದುಬಂದ ಗೌಡ ಸಾರಸ್ವತ ಕುಟುಂಬಗಳ ನೆನಪಿನಲ್ಲಿ ಅದು ಇನ್ನೂ ಆರದ ಗಾಯ. ಆ ಸಮುದಾಯದಲ್ಲಿಯೇ, ಇಂದು ಕಾಸರಗೋಡು ಜಿಲ್ಲೆಗೆ ಸೇರಿದ ಮಂಜೇಶ್ವರದಲ್ಲಿ ಬಾಳಿದ ರಾಷ್ಟ್ರಕವಿ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ವಸ್ತುವಾಗಿಸಿಕೊಂಡು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಬರೆದರು. ಬುದ್ಧನ ಕಡೆಯ ದಿನಗಳನ್ನು ಕುರಿತು ‘ವೈಶಾಖಿ’ಯನ್ನೂ ಬರೆದರು. ಪೂರ್ವಿಕರನ್ನು ಊರು ಬಿಡಿಸಿದವರು ಪೂಜಿಸಿದ ದೇವರೆಂಬ ಕಾರಣಕ್ಕೆ ಶಿಲುಬೆಯ ಕಡೆಗೆ ಬೆನ್ನು ತಿರುಗಿಸಿದ್ದರೆ ಅವರನ್ನು ಯಾರೂ ದೂಷಿಸುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಹಿಂಸಿಸಿದವರ ಕೈಯಿಂದ ಹಿಂಸೆಗೊಳಗಾದವನನ್ನು ಬಿಡಿಸಿ ತೆಗೆದು, ಕನ್ನಡದಲ್ಲಿ ಗೌರವದಿಂದ ನಿಲ್ಲಿಸಿದರು. ಕ್ಷಮೆಯ ವಿಷಯದಲ್ಲಿ ಕನ್ನಡ ಸಾಹಿತ್ಯವು ಮಾಡಿದ ದೊಡ್ಡ ಕಾರ್ಯಗಳಲ್ಲಿ ಇದೊಂದೆಂದು ನಾನು ಎಣಿಸುತ್ತೇನೆ. ವಿಮರ್ಶಕರು ಛಂದಸ್ಸನ್ನೂ ಭಾಷೆಯನ್ನೂ ಕುರಿತು ಚರ್ಚಿಸಿದಷ್ಟು ಇದನ್ನು ಕುರಿತು ಚರ್ಚಿಸದಿರುವುದು ನನಗೆ ವ್ಯಸನವನ್ನುಂಟುಮಾಡಿದೆ.

ನಮ್ಮಲ್ಲಿ ಹೆಚ್ಚಿನವರಿಗೆ ಎಲೀಶ್ವಾ ತಾಯಿಗೆ ಬಂದಂಥ ದಿನ ದೇವರ ದಯೆಯಿಂದ ಬಾರದಿರಲಿ. ನಮ್ಮ ವೈರಿಗಳು ಸಣ್ಣವರು: ಪಾಲುಪಟ್ಟಿಯಲ್ಲಿ ಬದು ಒತ್ತಿದ ದಾಯಾದಿ, ಮದುವೆಯ ಪಂಕ್ತಿಯಲ್ಲಿ ಮಾತಾಡಿಸದೆ ಹೋದ ಷಡ್ಡಕ, ಬಡ್ತಿಗೆ ಅಡ್ಡಗಾಲು ಹಾಕಿದ ಸಹೋದ್ಯೋಗಿ. ಒಂದು ಗೇಣು ಹೊಲಕ್ಕಾಗಿ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆದು, ತಾಯಿ ಸತ್ತಾಗ ಬೇರೆ ಬೇರೆ ಬಾಗಿಲಿನಿಂದ ಬಂದು ಹೋದ ಮನೆಗಳನ್ನು ನೀವೂ ಕಂಡಿರುತ್ತೀರಿ. ಸಾಲ ಸಣ್ಣದಾದಷ್ಟೂ ಅದನ್ನು ಬಿಡುವುದು ನಮಗೆ ಕಷ್ಟವಾಗಿರುವುದು ವಿಚಿತ್ರವಾದರೂ ಸತ್ಯ. ಆ 100 ದೀನಾರಿಗಳ ಸೇವಕನೂ ಹಾಗೆಯೇ ಇದ್ದನಷ್ಟೆ.

ಕಡೆಯದಾಗಿ ಒಂದು ವಿನಂತಿ. ನಾಸಿಕ್ ರೋಡಿನಲ್ಲಿ ಕೇಂದ್ರ ಕಾರಾಗೃಹವಿದೆ. ಬೆಂಗಳೂರಿನಲ್ಲಿ, ಬೆಳಗಾವಿಯ ಹಿಂಡಲಗಾದಲ್ಲಿ, ಕಲಬುರಗಿಯಲ್ಲಿ, ಬಳ್ಳಾರಿಯಲ್ಲಿ ಇವೆ. ನಿಮ್ಮ ಜಿಲ್ಲೆಯಲ್ಲಿಯೂ ಒಂದು ಸೆರೆಮನೆಯಿದ್ದೀತು. ಮುಲಾಕಾತಿನ ದಿನ ಅವುಗಳ ಗೋಡೆಯ ಹೊರಗೆ ಡಬ್ಬಿ ಹಿಡಿದು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಸರದಿಯಲ್ಲಿ ನಿಂತ ಹೆಂಗಸರನ್ನು ನೀವು ನೋಡಬಹುದು. ಅವರು ಯಾವ ಅಪರಾಧವನ್ನೂ ಮಾಡಿದವರಲ್ಲ. ಆದರೂ ಊರು ಅವರಿಗೆ ಬಾಡಿಗೆಮನೆ ಕೊಡುವುದಿಲ್ಲ, ಅವರ ಮಕ್ಕಳೊಡನೆ ತಮ್ಮ ಮಕ್ಕಳನ್ನು ಆಡಗೊಡುವುದಿಲ್ಲ. ಸಮಂದರನ ಮಗು ಅವನು ಸೆರೆಯಲ್ಲಿರುವಾಗ ಸತ್ತುದೆಂದು ಆಗಲೇ ಹೇಳಿದೆ. ನಿಮ್ಮ ಊರಿನಲ್ಲಿ ಅಂಥ ಮನೆಯೊಂದಿದ್ದರೆ ಬರುವ ತಿಂಗಳು ಅಲ್ಲಿಯ ಮಗುವಿನ ಶಾಲೆಯ ಶುಲ್ಕವನ್ನು ಕಟ್ಟಿರಿ. ಅದಾಗದಿದ್ದರೆ ಆ ಮನೆಯ ಜಗುಲಿಯ ಮೇಲೆ ಹತ್ತು ನಿಮಿಷ ಕುಳಿತು ಒಂದು ಲೋಟ ನೀರನ್ನಾದರೂ ಕೇಳಿ ಕುಡಿದು ಬನ್ನಿರಿ.